ಆಶಾ ಕಾರ್ಯಕರ್ತೆಗೂ ಪಂಕ್ತಿಯಲ್ಲಿ ಎಲೆ ಹಾಕಿದ್ದಾರಾ? ಅಳೆದು ನೋಡುವ ಬಗೆ

ಯಾವುದಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಶಾ ಕಾರ್ಯಕರ್ತೆಯರ ತಿಂಗಳ ಸಭೆ ಇರುವ ದಿನ ಸುಮ್ನೆ ಹೋಗಿ ಹಿಂದೆ ನಿಂತುಕೊಳ್ಳಿ. ಕುರ್ಚಿ ಎಷ್ಟಿವೆ, ಬಂದವರು ಎಷ್ಟು ಜನ ಎಣಿಸಿ. ನಾನು ಮೊದಲ ಸಲ ಹೋದ ಕಡೆ 12 ಕುರ್ಚಿ, 26 ಆಶಾಗಳು. ಕೆಲವರು ಗೋಡೆಗೆ ಒರಗಿ ನಿಂತಿದ್ದರು. ಇಬ್ಬರು ಲಸಿಕೆ ಡಬ್ಬದ ಮೇಲೆ ಕೂತಿದ್ದರು. ಬಾಗಿಲ ಪಕ್ಕ ಸಿಬ್ಬಂದಿ ಪಟ್ಟಿಯ ಬೋರ್ಡು. ವೈದ್ಯರಿಂದ ಹಿಡಿದು ಗ್ರೂಪ್ ಡಿ ತನಕ ಎಲ್ಲರ ಹೆಸರೂ ಇತ್ತು, ಆಶಾಗಳದು ಒಂದೂ ಇರಲಿಲ್ಲ.

ಅವತ್ತು ನನ್ನ ಕೈಯಲ್ಲಿ 40 ಪ್ರಶ್ನೆಗಳ ಫಾರಂ ಇತ್ತು. ‘ನೀವು ಆರೋಗ್ಯ ವ್ಯವಸ್ಥೆಯ ಭಾಗ ಎಂದು ಅನ್ನಿಸುತ್ತದೆಯೇ?’ ಎನ್ನುವುದೂ ಅದರಲ್ಲೊಂದು. ವೈದ್ಯರು ಎದುರಿಗೇ ಕೂತಿದ್ದರು. 26 ಜನರೂ ‘ಹೌದು ಸರ್’ ಅಂದರು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವರಲ್ಲೇ ಮೂವರು ಸಿಕ್ಕರು. ‘ಮೂರು ತಿಂಗಳಿಂದ ದುಡ್ಡು ಬಂದಿಲ್ಲ, ಅದನ್ನ ಆ ಫಾರಮ್ಮಲ್ಲಿ ಎಲ್ಲಿ ಬರೀಬೇಕಿತ್ತು?’ ಎಂದು ಕೇಳಿದರು. ಬರೆಯುವ ಜಾಗ ಇರಲಿಲ್ಲ. ಫಾರಮ್ಮುಗಳನ್ನು ಅವತ್ತೇ ಕಟ್ಟಿಟ್ಟೆ.

ಅಲ್ಲಿಂದ ನಾನು ದಾರಿ ಬದಲಿಸಿದೆ. ಅನಿಸಿಕೆ ಕೇಳುವುದನ್ನು ಕಮ್ಮಿ ಮಾಡಿ, ವಸ್ತುವಿನ ಬೆನ್ನು ಹತ್ತುವುದನ್ನು ಜಾಸ್ತಿ ಮಾಡಿದೆ. ಒಂದು ಚೀಟಿ, ಒಂದು ಬಿಲ್ಲು, ಒಂದು ಮಾತ್ರೆ ಪಟ್ಟಿ, ಒಂದು ಅಂಕಿ. ಇವು ಹಳ್ಳಿಯಿಂದ ಹೊರಟು ಎಲ್ಲಿಗೆ ಹೋದವು? ಅದಕ್ಕಿಂತ ಮುಖ್ಯವಾಗಿ, ವಾಪಸ್ ಏನು ಬಂತು? ಆಶಾಳಿಂದ ಮೇಲಕ್ಕೆ ಹೋಗುವುದು ಎಲ್ಲ ಕಡೆಯೂ ಹೋಗುತ್ತದೆ: ರೋಗಿಗಳು, ಲೆಕ್ಕ, ಫೋಟೊ, ಸಹಿ. ಆಕೆ ವ್ಯವಸ್ಥೆಯೊಳಗೆ ಇದ್ದಾಳೋ ಹೊರಗಿದ್ದಾಳೋ ಗೊತ್ತಾಗುವುದು ಕೆಳಕ್ಕೆ ಬಂದದ್ದರಿಂದ. ಮದುವೆ ಮನೆಯಲ್ಲಿ ಬಡಿಸಲು ಕರೆದವರಿಗೆಲ್ಲ ಪಂಕ್ತಿಯಲ್ಲಿ ಎಲೆ ಹಾಕಿರುತ್ತಾರೆ ಅಂತೇನಿಲ್ಲವಲ್ಲ, ಹಾಗೆ.

ಪಂಚಾಯಿತಿ ಸದಸ್ಯರು, ಸಮಾಜಕಾರ್ಯ ಓದುವ ಹುಡುಗರು, ಸಣ್ಣ ಸಂಸ್ಥೆಗಳವರು, ಆಶಾ ಸಂಘಟನೆಯವರು, ಯಾರು ಬೇಕಾದರೂ ಇದನ್ನು ಮಾಡಬಹುದು. ಇಬ್ಬರು ಜನ, ಹತ್ತು ಹದಿನೈದು ದಿನ, ಒಂದು ನೋಟ್‌ಬುಕ್ ಸಾಕು.

ಹೆಜ್ಜೆ 1: ಮೊದಲು ಕಾಗದದಲ್ಲಿ ಏನಿದೆ ನೋಡಿ

ಆಶಾ ಯೋಜನೆ ಬಂದದ್ದು 2005ರಲ್ಲಿ, ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೆ. ಹಳ್ಳಿಗಳಲ್ಲಿ ಸುಮಾರು 1,000 ಜನಕ್ಕೆ ಒಬ್ಬರು. ದೇಶದಲ್ಲಿ ಈಗ ಹತ್ತಿರ ಹತ್ತಿರ 10 ಲಕ್ಷ, ಕರ್ನಾಟಕದಲ್ಲಿ 40 ಸಾವಿರಕ್ಕೂ ಜಾಸ್ತಿ. ಕೇಂದ್ರದ ಕಾಗದಗಳಲ್ಲಿ ಆಕೆ ನೌಕರಳಲ್ಲ, ಸ್ವಯಂಸೇವಕಿ. ಮಾಡಿದ ಕೆಲಸಕ್ಕೆ ತಕ್ಕಂತೆ ಪ್ರೋತ್ಸಾಹಧನ, ಅದರ ಜೊತೆ ರಾಜ್ಯದ ಗೌರವಧನ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾಗಳಿಗೆ ಜಾಗತಿಕ ಮಟ್ಟದ ಗೌರವ ಕೊಟ್ಟಿತು. 2025ರ ಜನವರಿಯಲ್ಲಿ ನಮ್ಮ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು, ತಿಂಗಳಿಗೆ 10 ಸಾವಿರ ಖಾತ್ರಿ ಮಾಡುವ ಭರವಸೆ ಪಡೆದು ಎದ್ದರು. ಎರಡೂ ಒಂದೇ ಯೋಜನೆಯ ಕಥೆ.

ಬೇರೆ ದೇಶಗಳಲ್ಲಿ ಬೇರೆ ಥರ ಇದೆ. ಇಥಿಯೋಪಿಯಾ 2003ರಲ್ಲಿ ಶುರು ಮಾಡಿದ ಯೋಜನೆಯಲ್ಲಿ ಊರಿನ ಆರೋಗ್ಯ ಕಾರ್ಯಕರ್ತೆಗೆ ಸರ್ಕಾರಿ ಸಂಬಳ. ಬ್ರೆಜಿಲ್ 2022ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು, ಇವರ ಸಂಬಳ ಕನಿಷ್ಠ ವೇತನದ ಎರಡು ಪಟ್ಟಿಗಿಂತ ಕಮ್ಮಿ ಇರಬಾರದು ಎಂದು ಬರೆಯಿತು. ನಮ್ಮಲ್ಲೇ 1977ರ ಅಕ್ಟೋಬರ್ 2ರಂದು ಊರಿಗೊಬ್ಬ ಆರೋಗ್ಯ ಕಾರ್ಯಕರ್ತ ಎಂಬ ಯೋಜನೆ ಬಂದಿತ್ತು. 3 ತಿಂಗಳ ತರಬೇತಿ, ತಿಂಗಳಿಗೆ 50 ರೂಪಾಯಿ, ಒಂದು ಔಷಧಿ ಪೆಟ್ಟಿಗೆ. ಆಯ್ಕೆಯಾದವರು ಹೆಚ್ಚಾಗಿ ಗಂಡಸರು. ಹೆಸರು ಎರಡು ಮೂರು ಸಲ ಬದಲಾಯಿತು, ಆಮೇಲೆ ಯೋಜನೆಯೇ ಕರಗಿಹೋಯಿತು.

ಹಾಗಾಗಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕಾಗದದ ಮಾತನ್ನು ಬರೆದುಕೊಳ್ಳಿ. ಈ ವರ್ಷದ ಪ್ರೋತ್ಸಾಹಧನದ ದರಪಟ್ಟಿ, ಕಿಟ್ಟಿನಲ್ಲಿ ಇರಬೇಕಾದ ಸಾಮಾನಿನ ಪಟ್ಟಿ, ತರಬೇತಿಯ ದಿನಗಳು, ಮೇಲ್ವಿಚಾರಣೆ ಯಾರದು ಎಂಬುದು. ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ: 10 ರೂಪಾಯಿ, 30 ದಿನ. ಪಟ್ಟಿ ಇಲ್ಲದೆ ಹಳ್ಳಿಗೆ ಹೋದರೆ ಏನು ಕಮ್ಮಿ ಇದೆ ಅನ್ನುವುದೇ ನಿಮಗೆ ಕಾಣಿಸುವುದಿಲ್ಲ.

ಹೆಜ್ಜೆ 2: ಯಾರನ್ನು ಕೇಳಬೇಕು ಅನ್ನುವುದನ್ನು ವೈದ್ಯರಿಗೆ ಬಿಡಬೇಡಿ

ಜಿಲ್ಲೆ ಪೂರ್ತಿ ಅಳೆಯಲು ಹೋಗಬೇಡಿ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ) ಸಾಕು. ಬಯಲು ಸೀಮೆಯ ಲೆಕ್ಕದಲ್ಲಿ ಅಲ್ಲಿಗೆ 30 ಸಾವಿರ ಜನ, 25–30 ಆಶಾಗಳು. ಪಟ್ಟಿ ತೆಗೆದುಕೊಂಡು ಪ್ರತಿ ಮೂರನೇ ಹೆಸರಿಗೆ ಗುರುತು ಹಾಕಿ. ‘ಚೆನ್ನಾಗಿ ಮಾತಾಡೋರನ್ನ ಕಳಿಸ್ತೀನಿ’ ಎಂದು ಯಾರಾದರೂ ಹೇಳಿದರೆ ನಗುತ್ತಾ ಬೇಡ ಅನ್ನಿ. ತಾಂಡಾ, ಹಾಡಿ, ಬಸ್ಸಿಲ್ಲದ ಕೊನೆಯ ಮಜರೆ ಬಿಟ್ಟುಹೋಗಿದ್ದರೆ ಅದನ್ನು ಬೇಕೆಂದೇ ಸೇರಿಸಿ. ವ್ಯವಸ್ಥೆ ಎಷ್ಟು ದೂರ ಕೈ ಚಾಚುತ್ತದೆ ಎಂದು ಗೊತ್ತಾಗುವುದು ಅಲ್ಲೇ.

ಮಾತುಕತೆ ಆಕೆಯ ಮನೆಯಲ್ಲಿ ಅಥವಾ ಅಂಗನವಾಡಿ ಜಗಲಿಯಲ್ಲಿ ಆಗಲಿ, ಪಿಎಚ್‌ಸಿಯಲ್ಲಿ ಬೇಡ. ಗುರುವಾರ ಹೋಗಬೇಡಿ, ಅದು ಲಸಿಕೆ ದಿನ. ರೋಗಿಗಳ ಹೆಸರು ಬರೆದುಕೊಳ್ಳಬೇಡಿ. ಆಶಾಗಳ ಹೆಸರಿನ ಬದಲು ಅ, ಆ, ಇ ಎಂದು ಗುರುತು ಹಾಕಿ. ಚಿಕ್ಕ ಊರಿನಲ್ಲಿ ಯಾರು ಏನು ಹೇಳಿದರು ಅಂತ ಪತ್ತೆ ಮಾಡುವುದು ಕಷ್ಟವೇನಲ್ಲ.

ಹೆಜ್ಜೆ 3: ದುಡ್ಡಿನ ಬೆನ್ನು ಹತ್ತಿ

ಇಲ್ಲಿ ಜಾಸ್ತಿ ಸಮಯ ಕೊಡಿ. ಎರಡು ಮೂರು ತಿಂಗಳ ಹಿಂದಿನ ಒಂದು ತಿಂಗಳನ್ನು ಆರಿಸಿ. ಆಕೆಯ ಡೈರಿ, ಸಲ್ಲಿಸಿದ ಬಿಲ್ಲಿನ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಚಾಪೆಯ ಮೇಲೆ ಪಕ್ಕಪಕ್ಕ ಇಡಿ.

ಲೆಕ್ಕ ಹೇಗಿರುತ್ತದೆ ಎಂದು ತೋರಿಸಲು ಒಂದು ಉದಾಹರಣೆ. ಹುಟ್ಟಿದ ಮಗುವಿನ ಮನೆಗೆ 3, 7, 14, 21, 28, 42ನೇ ದಿನ ಹೀಗೆ ಆರು ಸಲ ಹೋದರೆ 250 ರೂಪಾಯಿ. ಆ ತಿಂಗಳು ಎರಡು ಮಕ್ಕಳು, 500. ವರ್ಷದೊಳಗಿನ ಎಲ್ಲ ಲಸಿಕೆ ಮುಗಿಸಿದ ಮಗುವಿಗೆ 100ರಂತೆ ಮೂರು ಮಕ್ಕಳು, 300. ಗ್ರಾಮ ಆರೋಗ್ಯ ಮತ್ತು ಪೌಷ್ಟಿಕ ದಿನ ನಡೆಸಿದ್ದಕ್ಕೆ 200. ಜನನಿ ಸುರಕ್ಷಾ ಯೋಜನೆಯಲ್ಲಿ ಒಬ್ಬ ಗರ್ಭಿಣಿಯ ತಪಾಸಣೆಗಳನ್ನು ಮುಗಿಸಿದ್ದಕ್ಕೆ 300. ಒಟ್ಟು 1,300. ದರಗಳು ಬದಲಾಗುತ್ತಿರುತ್ತವೆ, ನಿಮ್ಮ ಮೊದಲ ಪುಟದ ಪಟ್ಟಿಯನ್ನೇ ಹಿಡಿಯಿರಿ.

ಪಾಸ್‌ಬುಕ್ಕಿನಲ್ಲಿ ಬಂದದ್ದು 1,000 ಅಂದುಕೊಳ್ಳಿ. ಹಾಗಾದರೆ 300 ಎಲ್ಲಿ ಹೋಯಿತು? ಕೂತು ಬಿಡಿಸಿದರೆ ಇಂಥ ಕಥೆ ಹೊರಬರುತ್ತದೆ: ಆ ಗರ್ಭಿಣಿಗೆ ಚೊಚ್ಚಲು. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ತವರಿಗೆ ಹೋದಳು. ತವರು ಬೇರೆ ತಾಲ್ಲೂಕು. ಹೆರಿಗೆ ಅಲ್ಲಾಯಿತು, ದಾಖಲೆ ಅಲ್ಲಿ ಸೇರಿತು. ಇಲ್ಲಿನ ಆಶಾ ಆರು ತಿಂಗಳು ತಾಯಿ ಕಾರ್ಡ್ ಹಿಡಿದು ಓಡಾಡಿದ್ದು, ತಾಯಿ-ಮಗುವಿನ ಲೆಕ್ಕ ಇಡುವ ಸರ್ಕಾರದ ಆರ್‌ಸಿಎಚ್ ಪೋರ್ಟಲ್‌ನಲ್ಲಿ ಅರ್ಧಕ್ಕೇ ನಿಂತಿತು. ಪೋರ್ಟಲ್ ಹಸಿರು ತೋರಿಸದಿದ್ದರೆ ದುಡ್ಡಿಲ್ಲ. ಕರ್ನಾಟಕದ ಆಶಾಗಳು ಪೋರ್ಟಲ್ಲಿಗೂ ಪ್ರೋತ್ಸಾಹಧನಕ್ಕೂ ಹಾಕಿದ ಗಂಟು ಬಿಚ್ಚಿ ಎಂದು ಹೋರಾಟಗಳಲ್ಲಿ ಕೇಳುತ್ತಾ ಬಂದಿರುವುದು ಇದಕ್ಕೇ. ಮೊದಲ ಹೆರಿಗೆಗೆ ತವರಿಗೆ ಕಳಿಸುವ ನಾಡಿನಲ್ಲಿ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸಾಫ್ಟ್‌ವೇರ್ ಮಾಡುವುದು ಹೇಗೆ ಸಾಧ್ಯವಾಯಿತೋ, ನನಗಂತೂ ಆಶ್ಚರ್ಯ.

ಈ ಚಾಪೆಯಿಂದ ಮೂರು ಸಂಗತಿ ಬರೆದುಕೊಳ್ಳಿ. ಕೇಳಿದ್ದರಲ್ಲಿ ಎಷ್ಟು ಬಂತು: 1,300ಕ್ಕೆ 1,000 ಅಂದರೆ ನೂರಕ್ಕೆ 77. ತಿಂಗಳು ಮುಗಿದ ಎಷ್ಟು ದಿನಕ್ಕೆ ಬಂತು. ಮತ್ತು, ಯಾವ ಕೆಲಸಕ್ಕೆ ಎಷ್ಟು ಬಂತು ಎಂಬ ವಿವರ ಆಕೆಗೆ ಸಿಕ್ಕಿತಾ? ಮೂರನೆಯದನ್ನು ಜನ ಮರೆಯುತ್ತಾರೆ. ಪಾಸ್‌ಬುಕ್ಕಿನಲ್ಲಿ ಬರೀ ಒಂದು ಮೊತ್ತ ಇದ್ದರೆ ಏನು ತಪ್ಪಿಹೋಯಿತು ಅಂತ ಆಕೆ ಯಾರನ್ನು ಹೇಗೆ ಕೇಳಬೇಕು? ರಾಜ್ಯದ ಗೌರವಧನವನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಎರಡನ್ನೂ ಕಲಸಿದರೆ ಯಾವ ಕೊಳವೆ ಕಟ್ಟಿದೆ ಗೊತ್ತಾಗುವುದಿಲ್ಲ.

ಎಲ್ಲರ ದಿನಗಳನ್ನು ಕೂಡಿಸಿ ಭಾಗಿಸಬೇಡಿ. ಕಮ್ಮಿಯಿಂದ ಜಾಸ್ತಿಗೆ ಸಾಲಾಗಿ ಬರೆದು ನಡುವಿನ ಅಂಕಿ ತೆಗೆದುಕೊಳ್ಳಿ, ಜೊತೆಗೆ ಅತಿ ಕೆಟ್ಟದ್ದನ್ನೂ ಹೇಳಿ. ‘ನಡುವಿನವರಿಗೆ 40 ದಿನ, ಒಬ್ಬರಿಗೆ 140 ದಿನ’ ಎನ್ನುವ ಥರದ ವಾಕ್ಯ ಸಭೆಯಲ್ಲಿ ಕೆಲಸ ಮಾಡುತ್ತದೆ.

ಹೆಜ್ಜೆ 4: ಕಳಿಸಿದ ರೋಗಿಯ ಸುದ್ದಿ ವಾಪಸ್ ಬಂತಾ?

ಪ್ರತಿ ಆಶಾಗೂ ಕೊನೆಯ 10 ಜನರನ್ನು ನೆನಪಿಸಿಕೊಳ್ಳಲು ಹೇಳಿ: ಆಕೆ ಪಿಎಚ್‌ಸಿಗೋ ತಾಲ್ಲೂಕು ಆಸ್ಪತ್ರೆಗೋ ಕಳಿಸಿದವರು. ಬಿಪಿ ಏರಿದ ಬಸುರಿ, ಎರಡು ವಾರದ ಕೆಮ್ಮು ಬಿಡದ ಮುದುಕ, ಹಾಲು ಕುಡಿಯದ ಕೂಸು. ಒಬ್ಬೊಬ್ಬರಿಗೂ ಮೂರು ಪ್ರಶ್ನೆ. ಚೀಟಿ ಕೊಟ್ಟಿರಾ? ಅಲ್ಲಿ ಆ ಚೀಟಿಯನ್ನು ನೋಡಿದರಾ? ಏನಾಯಿತು ಅಂತ ಆಸ್ಪತ್ರೆಯವರು ನಿಮಗೆ ಹೇಳಿದರಾ?

ಮೊದಲ ಎರಡಕ್ಕೆ ಉತ್ತರ ಪರವಾಗಿಲ್ಲ ಅನ್ನುವ ಹಾಗೆ ಇರುತ್ತದೆ. ಮೂರನೆಯದಕ್ಕೆ ಬಂದಾಗ ಆಕೆ ನಿಮ್ಮ ಮುಖ ನೋಡುತ್ತಾಳೆ. ನಾನು ಇದನ್ನು ಇನ್ನೂ ಸುಲಭ ಮಾಡಿ ಕೇಳುತ್ತೇನೆ: ‘ಬಾಣಂತಿ ಡಿಸ್ಚಾರ್ಜ್ ಆದದ್ದು ನಿಮಗೆ ಯಾರಿಂದ ಗೊತ್ತಾಯಿತು?’ ಒಬ್ಬಾಕೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ರಾತ್ರಿ 108ರಲ್ಲಿ ಗರ್ಭಿಣಿಯನ್ನು ಕರೆದುಕೊಂಡು ಹೋದಳು. ವಾರ್ಡಿನ ಹೊರಗೆ, ಕಾರಿಡಾರಿನಲ್ಲಿ ಸೀರೆ ಸೆರಗು ಹೊದ್ದು ಮಲಗಿದಳು. ಬೆಳಿಗ್ಗೆ ಅವಳನ್ನೂ ಸಂಬಂಧಿಕರ ಜೊತೆ ಸೇರಿಸಿ ಹೊರಗೆ ಕಳಿಸಿದರು. ನಾಲ್ಕು ದಿನದ ನಂತರ ನಲ್ಲಿ ಹತ್ತಿರ ಬಾಣಂತಿಯ ಅತ್ತೆ ಸಿಕ್ಕಾಗ, ನಿನ್ನೆ ಮನೆಗೆ ಬಂದರು ಅಂತ ತಿಳಿಯಿತು. ಅಷ್ಟರಲ್ಲಿ 3ನೇ ದಿನದ ಭೇಟಿಯ ಲೆಕ್ಕ ತಪ್ಪಿಹೋಗಿತ್ತು.

ಸುದ್ದಿ ತಂದದ್ದು ಆಸ್ಪತ್ರೆಯೋ ಅತ್ತೆಯೋ? ಹತ್ತರಲ್ಲಿ ಎಷ್ಟು ಸಲ ಆಸ್ಪತ್ರೆ? ಎಲ್ಲ ಅಂಕಿಗಳಲ್ಲಿ ಒಂದನ್ನೇ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಹೆಜ್ಜೆ 5: ಚೀಲ ಬಿಚ್ಚಿಸಿ

ಕೇಳಬೇಡಿ, ನೋಡಿ. ಪ್ಯಾರಾಸಿಟಮಾಲ್, ಓಆರ್‌ಎಸ್ ಪೊಟ್ಟಣ, ಕಬ್ಬಿಣಾಂಶದ ಮಾತ್ರೆ, ಗರ್ಭ ಪರೀಕ್ಷೆಯ ಕಿಟ್, ಥರ್ಮಾಮೀಟರ್, ಕೂಸಿನ ತಕ್ಕಡಿ. ಇದೆಯಾ, ಅವಧಿ ಮುಗಿದಿದೆಯಾ, ಕೆಲಸ ಮಾಡುತ್ತದೆಯಾ? ತಕ್ಕಡಿಗೆ ಒಂದು ಕಿಲೋ ಸಕ್ಕರೆ ಪೊಟ್ಟಣ ನೇತುಹಾಕಿ. ಒಂದು ಕಿಲೋ ನೂರು ಗ್ರಾಂ ತೋರಿಸಿದರೆ, ತೂಕ ಕಮ್ಮಿ ಇರುವ ಕೂಸು ಅದರಲ್ಲಿ ಸರಿಯಾಗೇ ಕಾಣುತ್ತದೆ. ಕೊನೆಯ ಸಲ ಚೀಲ ತುಂಬಿಸಿದ್ದು ಯಾವಾಗ, ನಡುವೆ ಮುಗಿದಾಗ ಏನು ಮಾಡಿದಿರಿ ಎಂದೂ ಕೇಳಿ. ‘ಮೆಡಿಕಲ್ ಸ್ಟೋರಲ್ಲಿ ನಾನೇ ತಂದೆ’ ಎಂದರೆ ಆ ದುಡ್ಡನ್ನು ಹೆಜ್ಜೆ 3ರ ಲೆಕ್ಕಕ್ಕೆ ಸೇರಿಸಿ.

ಹೆಜ್ಜೆ 6: ಒಂದು ಅಂಕಿ, ಎಷ್ಟು ಪುಸ್ತಕ

ಕಳೆದ ಮೂರು ತಿಂಗಳಲ್ಲಿ ಆಕೆಯ ಊರಿನಲ್ಲಿ ಹುಟ್ಟಿದ ಮಕ್ಕಳೆಷ್ಟು? ಆಶಾ ಡೈರಿ, ಅಂಗನವಾಡಿ ಪುಸ್ತಕ, ಸಿಸ್ಟರ್ ರಿಜಿಸ್ಟರ್, ಪೋರ್ಟಲ್ ನಾಲ್ಕರಲ್ಲೂ ನೋಡಿ. (ಸಿಸ್ಟರ್ ಅಂದರೆ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎಂಬ ಉದ್ದ ಹೆಸರಿನವರು. ಊರಲ್ಲಿ ಯಾರೂ ಹಾಗೆ ಕರೆಯುವುದನ್ನು ನಾನು ಕೇಳಿಲ್ಲ.) ಅಂಕಿಗಳು ಬೇರೆ ಬೇರೆ ಇದ್ದರೆ ಗಾಬರಿ ಬೇಡ. ಆಗ ಯಾವ ಪುಸ್ತಕವನ್ನು ನೋಡಿ ಯಾವುದನ್ನು ತಿದ್ದುತ್ತಾರೆ ಎಂದು ಕೇಳಿ. ಆಶಾಳ ಡೈರಿ ನೋಡಿ ಪೋರ್ಟಲ್ ತಿದ್ದಿದರೆ ಆಕೆಯ ಮಾತಿಗೆ ಬೆಲೆ ಇದೆ. ಪೋರ್ಟಲ್ ನೋಡಿ ಆಕೆಯ ಡೈರಿ ತಿದ್ದಿಸಿದರೆ, ಅದನ್ನು ಹಾಗೇ ಬರೆದುಕೊಳ್ಳಿ.

ಒಬ್ಬ ಗರ್ಭಿಣಿಯ ಹೆಸರನ್ನು ಆಕೆ ಒಟ್ಟು ಎಷ್ಟು ಕಡೆ ಬರೆಯುತ್ತಾಳೆ, ವಾಟ್ಸ್‌ಆ್ಯಪ್ ಫೋಟೊ ಸೇರಿಸಿ ಎಣಿಸಿ. ಹಾಗೆಯೇ, ಈ ಲೆಕ್ಕಗಳನ್ನೆಲ್ಲ ಕೂಡಿಸಿ ‘ನಿಮ್ಮ ಊರಿನ ಚಿತ್ರ ಹೀಗಿದೆ’ ಅಂತ ಯಾರಾದರೂ ಆಕೆಗೆ ಒಂದು ಸಲವಾದರೂ ತೋರಿಸಿದ್ದಾರಾ?

ಹೆಜ್ಜೆ 7: ಮೇಲಿನವರು ಬಂದಾಗ ಏನು ಮಾಡಿದರು

ತರಬೇತಿಯ ದಿನಗಳನ್ನು ಎಣಿಸುವುದು ಸುಲಭ: ಮೊದಲ ಐದು ಮಾಡ್ಯೂಲ್ 23 ದಿನ, 6 ಮತ್ತು 7ನೆಯದು ನಾಲ್ಕು ಸುತ್ತಿನಲ್ಲಿ 20 ದಿನ. ಹೊಸದಾಗಿ ಸೇರಿದವರಿಗೆ ಎಷ್ಟು ಸಿಕ್ಕಿದೆ ನೋಡಿ. ಮೇಲ್ವಿಚಾರಣೆ ಅಳೆಯಲು ಒಂದೇ ಪ್ರಶ್ನೆ ಸಾಕು. ಕೊನೆಯ ಸಲ ಸುಗಮಕಾರರೋ (ಆಶಾಗಳ ಕೆಲಸ ನೋಡಿಕೊಳ್ಳುವವರು) ಸಿಸ್ಟರೋ ಬಂದಾಗ ನಿಮ್ಮ ಜೊತೆ ಯಾರದಾದರೂ ಮನೆಯೊಳಗೆ ಬಂದರಾ, ಅಥವಾ ರಿಜಿಸ್ಟರಿಗೆ ಸಹಿ ಹಾಕಿ ಹೋದರಾ?

ಹೆಜ್ಜೆ 8: ಊರಿನ ಕಡೆಯ ಹಗ್ಗವನ್ನೂ ಎಳೆದು ನೋಡಿ

ಇಲ್ಲಿಯವರೆಗೆ ಆಕೆಯನ್ನು ಇಲಾಖೆಗೆ ಕಟ್ಟಿದ ಹಗ್ಗವನ್ನೇ ನೋಡಿದೆವು. ಅದು ತುಂಬಾ ಬಿಗಿಯಾದರೂ ಕಷ್ಟ. ಇಲಾಖೆಯ ಕೊನೆಯ ಗುಮಾಸ್ತೆ ಆಗಿಬಿಟ್ಟರೆ ಊರಿನ ಪರವಾಗಿ ಮಾತಾಡುವವರು ಯಾರು? ಆಶಾ ಎಂಬ ಹೆಸರಿನ ವಿವರಣೆಯಲ್ಲೇ ಸಾಮಾಜಿಕ ಹೋರಾಟಗಾರ್ತಿ ಎಂಬ ಅರ್ಥವಿದೆ, ಅದನ್ನು ಈಗ ಯಾರೂ ನೆನಪಿಸಿಕೊಳ್ಳುವುದಿಲ್ಲ ಅಷ್ಟೆ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ನಡಾವಳಿ ಪುಸ್ತಕ ತೆರೆಸಿ. ವರ್ಷಕ್ಕೆ 10,000 ರೂಪಾಯಿಯ ಮುಕ್ತ ನಿಧಿ ಈ ಸಮಿತಿಗೆ ಬರಬೇಕು. ಬಂತಾ, ಯಾವುದಕ್ಕೆ ಖರ್ಚಾಯಿತು, ಅದನ್ನು ತೀರ್ಮಾನ ಮಾಡಿದ್ದು ಯಾರು? ಕಳೆದ ಗ್ರಾಮಸಭೆಯಲ್ಲಿ ಆಶಾ ಮಾತಾಡಿದಳಾ? ‘ಸಬ್‌ಸೆಂಟರ್ ಬಾಗಿಲು ಮುಚ್ಚಿರುತ್ತದೆ’ ಎಂದು ಆಕೆ ಸಭೆಯಲ್ಲಿ ಹೇಳಿದರೆ ಮರುದಿನ ಏನಾಗುತ್ತದೆ ಎಂದು ಮೆಲ್ಲಗೆ ಕೇಳಿ. ಉತ್ತರಕ್ಕಿಂತ ಮುಂಚೆ ಬರುವ ಮೌನವನ್ನೂ ಗಮನಿಸಿ.

ಹೆಜ್ಜೆ 9: ಅಂಕ ಕೊಡುವುದು

ಇದಕ್ಕೆ ಜಗತ್ತಿನಲ್ಲಿ ಬಳಕೆಯಲ್ಲಿರುವ ಒಂದು ಚೌಕಟ್ಟು ಇದೆ, ಸಿಎಚ್‌ಡಬ್ಲ್ಯು ಎಐಎಂ ಅಂತ. ಊರಿನ ಆರೋಗ್ಯ ಕಾರ್ಯಕರ್ತರ ಯೋಜನೆ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಪಟ್ಟಿ. 2011ರಲ್ಲಿ ಬಂದದ್ದು, 2018ರಲ್ಲಿ ಪರಿಷ್ಕರಿಸಿದರು. ಆಯ್ಕೆ ಮತ್ತು ಜವಾಬ್ದಾರಿ, ತರಬೇತಿ, ಪ್ರಮಾಣಪತ್ರ, ಸಾಮಗ್ರಿ, ಮೇಲ್ವಿಚಾರಣೆ, ಪ್ರೋತ್ಸಾಹ, ಊರಿನ ಪಾಲು, ಮುಂದೆ ಬರುವ ಅವಕಾಶ, ಮಾಹಿತಿ, ರಾಷ್ಟ್ರೀಯ ವ್ಯವಸ್ಥೆಯ ಜೊತೆ ನಂಟು ಎಂದು 10 ಬಾಬತ್ತು. ಒಂದೊಂದಕ್ಕೂ 1ರಿಂದ 4. ಕೆಲಸವೇ ಮಾಡುತ್ತಿಲ್ಲ ಅಂದರೆ 1, ತುಂಬಾ ಚೆನ್ನಾಗಿದೆ ಅಂದರೆ 4. ಇದೇ ಅಳತೆಗೋಲನ್ನು ಬಳಸಿದರೆ ಬೇರೆ ಕಡೆಯ ಕೆಲಸದ ಜೊತೆ ಹೋಲಿಸಬಹುದು.

ಅಂಕವನ್ನು ನೀವೊಬ್ಬರೇ ಕೊಡಬೇಡಿ. ಆಶಾಗಳು ಒಂದು ಕಡೆ, ಸಿಸ್ಟರ್, ಸಮುದಾಯ ಆರೋಗ್ಯ ಅಧಿಕಾರಿ, ವೈದ್ಯರು ಇನ್ನೊಂದು ಕಡೆ ಕೂತು ಬೇರೆ ಬೇರೆಯಾಗಿ ಕೊಡಲಿ. ಆಮೇಲೆ ಎರಡನ್ನೂ ಎದುರುಬದುರು ಇಡಿ. ಸಾಮಗ್ರಿಗೆ ವೈದ್ಯರು 3, ಆಶಾಗಳು 1 ಕೊಟ್ಟಿದ್ದರೆ ಜಗಳ ಬಿಡಿಸಲು ನಿಮ್ಮ ಹತ್ತಿರ ಚೀಲದ ಲೆಕ್ಕ ಇದೆ.

ಹತ್ತನ್ನೂ ಕೂಡಿಸಿ ಸರಾಸರಿ ತೆಗೆಯಲೇಬೇಡಿ. ಒಂದು ಕಾಲಿಗೆ ಚಪ್ಪಲಿ ಇದೆ, ಇನ್ನೊಂದಕ್ಕೆ ಇಲ್ಲ. ಸರಾಸರಿ ಅರ್ಧ ಚಪ್ಪಲಿ ಅಂತ ವರದಿ ಬರೆದರೆ ಬಿಸಿಲಲ್ಲಿ ನಡೆಯುವವರಿಗೆ ಏನು ಉಪಯೋಗ? ನಾನು ನೋಡಿದ ಕಡೆ ಮಾಹಿತಿ ಮೇಲೆ ಕಳಿಸುವುದಕ್ಕೆ ಅಂಕ ಚೆನ್ನಾಗಿ ಬರುತ್ತದೆ, ಸುದ್ದಿ ಕೆಳಗೆ ಬರುವುದಕ್ಕೆ ಬಿದ್ದುಹೋಗುತ್ತದೆ. ಸರಾಸರಿ ತೆಗೆದರೆ ಎರಡೂ ಮಾಯ.

ಹೆಜ್ಜೆ 10: ಮೊದಲು ಆಶಾಗಳಿಗೇ ಓದಿ ಹೇಳಿ

ಕರಡನ್ನು ತಾಲ್ಲೂಕು ಕಚೇರಿಗೆ ಕೊಡುವ ಮುಂಚೆ ಆಶಾಗಳ ಮುಂದೆ ಓದಿ. ನನ್ನ ಒಂದು ವರದಿಯಲ್ಲಿ ದುಡ್ಡು ಬರಲು 45 ದಿನ ಎಂದು ಬರೆದಿದ್ದೆ. ಹಿಂದೆ ಕೂತಿದ್ದ ಒಬ್ಬರು, ‘ಬಿಲ್ಲು ಕೊಟ್ಟ ದಿನದಿಂದ ಎಣಿಸಿದ್ದೀರಿ ಸರ್. ಬಿಲ್ಲಿಗೆ ಸಹಿ ಸಿಗೋಕೇ ಹತ್ತು ದಿನ ಓಡಾಡ್ತೀವಿ, ಅದನ್ನ ಬಿಟ್ಟಿದ್ದೀರಿ’ ಎಂದರು. ತಿದ್ದಿಕೊಂಡೆ.

ನಂತರ ಎರಡು ಪುಟಕ್ಕೆ ಇಳಿಸಿ. ಪಿಎಚ್‌ಸಿಯ ಆರೋಗ್ಯ ರಕ್ಷಾ ಸಮಿತಿ, ಗ್ರಾಮ ಪಂಚಾಯಿತಿ, ತಾಲ್ಲೂಕು ಆರೋಗ್ಯಾಧಿಕಾರಿ ಮೂವರಿಗೂ ಕೊಡಿ. ಯಾವುದು ಯಾರ ಕೈಯಲ್ಲಿ ಆಗುತ್ತದೆ ಅಂತ ಎದುರಿಗೇ ಬರೆಯಿರಿ. ಡಿಸ್ಚಾರ್ಜ್ ಆದಾಗ ಆಶಾಗೆ ಒಂದು ಫೋನ್ ಮಾಡುವುದಕ್ಕೆ ದೆಹಲಿಯ ಆದೇಶ ಬೇಕಿಲ್ಲ, ಹೆರಿಗೆ ವಾರ್ಡಿನ ಗೋಡೆಗೆ ಆಶಾಗಳ ನಂಬರ್ ಪಟ್ಟಿ ಅಂಟಿಸಿದರೆ ಆಯಿತು. ಪೋರ್ಟಲ್ ಗಂಟು ಬೆಂಗಳೂರಿನಲ್ಲಿ ಬಿಚ್ಚಬೇಕು. ನೌಕರಳೋ ಸ್ವಯಂಸೇವಕಿಯೋ ಎನ್ನುವುದು ದೆಹಲಿಯದು.

ಆರು ತಿಂಗಳ ನಂತರ ಅದೇ ಪಿಎಚ್‌ಸಿಗೆ, ಅದೇ ಪ್ರಶ್ನೆಗಳ ಜೊತೆ ಮತ್ತೆ ಹೋಗಿ. ಹೊಸ ಪ್ರಶ್ನೆ ಸೇರಿಸುವ ಆಸೆ ಬರುತ್ತದೆ, ತಡೆದುಕೊಳ್ಳಿ. ಮಾರ್ಚ್ ತಿಂಗಳು ಮಾತ್ರ ಬೇಡ. ಹಣಕಾಸು ವರ್ಷದ ಕೊನೆ ಅಂತ ಬಾಕಿಯೆಲ್ಲ ಒಂದೇ ಸಲ ಬಂದಿರಬಹುದು, ಇಲ್ಲವೇ ಪೂರ್ತಿ ನಿಂತಿರಬಹುದು. ಪೋಲಿಯೊ ಹನಿ ಹಾಕುವ ವಾರವೂ ಬೇಡ, ಆಗ ಆಕೆ ನಿಮಗೆ ಮನೆಯಲ್ಲಿ ಸಿಗುವುದೇ ಇಲ್ಲ.